ಹುಚ್ಚಮ್ಮ ಉರುಫ್ ಸಾವಿತ್ರಮ್ಮ

ನಮ್ಮ ಸೀಮೆಯಲ್ಲಿ ಒಬ್ಬರಿಗೆ ಒಂದೇ ಹೆಸರಿರುವುದು ಅಪರೂಪ. ತೊಟ್ಟಿಲಿಗೆ ಒಂದು, ಶಾಲೆಗೆ ಒಂದು, ಗಂಡನ ಮನೆಗೆ ಮತ್ತೊಂದು. ಊರೊಳಗೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಯಾವ ಹೆಸರಿನಿಂದ ಕೂಗಿದರೂ ಊಟಕ್ಕೆ ಬರಬೇಕಾದವರು ಬಂದೇ ಬರುತ್ತಾರೆ. ಆದರೆ ದೇಶ ಬಿಟ್ಟು ಹೊರಟಾಗ ಇದೇ ಹೆಸರುಗಳು ಕಾಲಿಗೆ ತೊಡರುತ್ತವೆ. ಬೇಕಾದರೆ ಅಜ್ಜಂಪುರದ ಹುಚ್ಚಮ್ಮನನ್ನು ಕೇಳಿ ನೋಡಿ. ಅಜ್ಜಂಪುರಕ್ಕೆ ಹೋಗಿ ಹುಚ್ಚಮ್ಮನ ಮನೆ ಯಾವುದು ಎಂದರೆ ಮಾತ್ರ ಯಾರೂ ತೋರಿಸುವುದಿಲ್ಲ. ಅಲ್ಲಿ ಅವಳು ಸಾವಿತ್ರಮ್ಮ.

ಅವಳ ತವರು ಕಡೂರು ತಾಲೂಕಿನ ಯಗಟಿ. ಅವಳಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ತೊಟ್ಟಿಲಲ್ಲೇ ಕಣ್ಣು ಮುಚ್ಚಿದ್ದವು. ಇವಳು ಹುಟ್ಟಿದಾಗ, ನೇಪಾಳಕ್ಕೆ ಹೋಗಿಬಂದಿದ್ದ ಜಂಗಮರೊಬ್ಬರು ಪಶುಪತಿನಾಥನ ಸನ್ನಿಧಿಯಿಂದ ತಂದ ರುದ್ರಾಕ್ಷಿಯೊಂದನ್ನು ಮಗುವಿನ ಕೊರಳಿಗೆ ಕಟ್ಟಿದರು. ಮಗು ಉಳಿದರೆ ಒಮ್ಮೆ ಆ ದೇವರ ಮುಂದೆ ನಿಲ್ಲಿಸಿ ಎಂದು ಹೇಳಿ ಹೋದರು. ತಾಯಿ ಹಾಗೆಂದು ಹರಕೆ ಹೊತ್ತು, ತನ್ನ ಪಾಲಿನ ಎಚ್ಚರಿಕೆಯನ್ನೂ ಮಾಡಿದಳು. ಚೆಂದದ ಹೆಸರಿಟ್ಟರೆ ಯಮನ ಕಣ್ಣು ಬೀಳುತ್ತದೆಂದು ಮಗುವನ್ನು ಹುಚ್ಚಮ್ಮ ಎಂದು ಕರೆದಳು. ಮಗು ಉಳಿಯಿತು, ಬೆಳೆಯಿತು, ಅಜ್ಜಂಪುರದ ಮೆಣಸಿನಕಾಯಿ ವ್ಯಾಪಾರಿ ಸೋಮಶೇಖರಪ್ಪನ ಹೆಂಡತಿಯಾಯಿತು. ಹುಚ್ಚಮ್ಮನನ್ನು ಮನೆ ತುಂಬಿಸಿಕೊಳ್ಳುವುದು ಹೇಗೆಂದು ಅತ್ತೆ ಹೊಸಿಲಲ್ಲೇ ಹೆಸರು ಬದಲಿಸಿದಳು. ಅದಾಗಿ ಮೂವತ್ತೈದು ವರ್ಷ ಕಳೆದಿದ್ದವು. ಹೋದ ವರ್ಷ ತಾಯಿ ತೀರಿಕೊಳ್ಳುವಾಗ ಮಗಳ ಕೈ ಹಿಡಿದು, ನನ್ನ ಕೈಯಲ್ಲಿ ಆಗಲಿಲ್ಲ, ಆ ಹರಕೆಯೊಂದನ್ನು ನೀನೇ ತೀರಿಸಿಬಿಡು ಎಂದಿದ್ದಳು.

ಹುಚ್ಚಮ್ಮನ ಪಕ್ಕದ ಮನೆಯವಳು ತೀರ್ಥಮ್ಮ. ಹೋದ ಶಿವರಾತ್ರಿಗೆ ಅಣ್ಣ ಕರಿಯಪ್ಪನ ಜೊತೆ ನೇಪಾಳಕ್ಕೆ ಹೋಗಿ ಬಂದವಳು. ಅಜ್ಜಂಪುರದಲ್ಲಿ ಅಷ್ಟು ದೂರ ಹೋಗಿಬಂದ ಹೆಂಗಸು ಬೇರೆ ಯಾರೂ ಇರಲಿಲ್ಲ. ಅವಳು ರೈಲಿಳಿದ ದಿನ ಬೀದಿಯ ಹೆಂಗಸರೆಲ್ಲ ಕಾಲಿಗೆ ಬಿದ್ದರು. ಹುಚ್ಚಮ್ಮನಂತೂ ಮೂರು ಸಲ ಬಿದ್ದಳು. ಪಶುಪತಿಗೆ ನಾಲ್ಕು ಮುಖ ಎಂಬುದನ್ನು ಎಷ್ಟು ಸಲ ಹೇಳಿಸಿಕೊಂಡರೂ ಅವಳಿಗೆ ತೃಪ್ತಿಯಿರಲಿಲ್ಲ. ದಾರಿ ಹೇಗಿತ್ತು ಎಂದು ಕೇಳಿದಾಗ ಮಾತ್ರ ತೀರ್ಥಮ್ಮನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು.

ಈ ವರ್ಷ ಹುಚ್ಚಮ್ಮ ಹಟ ಹಿಡಿದಳು. ಸೋಮಶೇಖರಪ್ಪ ಒಪ್ಪಿದ. ಅವನು ಶ್ರೀಶೈಲಕ್ಕೆ ಎರಡು ಸಲ, ಕಾಶಿಗೆ ಒಂದು ಸಲ ಹೋಗಿಬಂದವನು. ಹಾಗಾಗಿ ಯಾತ್ರೆಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅವನ ಲೆಕ್ಕ. ಎರಡು ಧೋತ್ರ, ಒಂದು ಚೊಂಬು, ನಡೆ ಅಷ್ಟೇ ಎಂದ. ತೀರ್ಥಮ್ಮ ಅಡ್ಡ ಬಂದಳು. ನೇಪಾಳಕ್ಕೆ ಬೇರೆ ರಾಜರಿದ್ದಾರೆ, ಹೊರಗಿನವರನ್ನು ಬಿಡುವುದು ಶಿವರಾತ್ರಿಯ ಹಿಂದುಮುಂದಿನ ಕೆಲವು ದಿನ ಮಾತ್ರ, ಗಡಿಯ ಸೇತುವೆಯ ಹತ್ತಿರ ರಹದಾರಿ ಕೊಟ್ಟರೇನೇ ಒಳಗೆ ಹೋಗಬಹುದು ಎಂದಳು. ರಹದಾರಿ ಕೊಡುವವರು ತಾಲೂಕು ಕಚೇರಿಯ ಗುರುತಿನ ಕಾಗದ ಕೇಳುತ್ತಾರೆ. ಸಿಡುಬು ಬಾರದಂತೆ ತೋಳಿಗೆ ದೇವಿ ಹಾಕಿಸಿಕೊಂಡ ಚೀಟಿ ಕೇಳುತ್ತಾರೆ. ಆಮೇಲೆ ವೈದ್ಯರು ನಾಡಿ ಹಿಡಿದು ನೋಡುತ್ತಾರೆ.

ಸೋಮಶೇಖರಪ್ಪನಿಗೆ ನಗು ಬಂತು. "ಶಿವನ್ನ ನೋಡೋಕೂ ಅಮಲ್ದಾರ್ರ ಅಪ್ಪಣೆ ಬೇಕೇನಮ್ಮ? ಕಾಶೀಲಿ ನನ್ನ ಯಾರೂ ಕೇಳ್ಲಿಲ್ಲ."

"ಕಾಶಿ ನಮ್ ದೇಶದ್ದೇ ಭಾವ. ಇದು ಇನ್ನೊಬ್ರ ಮನೆ. ಅವ್ರ ಬಾಗ್ಲಲ್ಲಿ ಅವ್ರು ಹೇಳ್ದಂಗೆ ನಡೀಬೇಕು."

ಹೆಂಡತಿಯ ಮುಖ ನೋಡಿ ಸೋಮಶೇಖರಪ್ಪ ಅರ್ಧಕ್ಕೆ ಒಪ್ಪಿದ. ಕಾಗದ ತರುತ್ತೇನೆ, ದೇವಿ ಗೀವಿ ನನಗೆ ಬೇಡ ಎಂದ. ಮೆಣಸಿನಕಾಯಿ ಘಾಟಿಗೆ ಹೆದರದ ಆಸಾಮಿಗೆ ಸೂಜಿಯೆಂದರೆ ಪ್ರಾಣಭಯ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ಅವನು ಕಾಗದಕ್ಕೆಂದು ತರೀಕೆರೆಯ ತಾಲೂಕು ಕಚೇರಿಗೆ ಹೋದ ದಿನವೇ ಹೆಂಗಸರಿಬ್ಬರೂ ರೈಲು ಹತ್ತಿ ಕಡೂರಿನ ಆಸ್ಪತ್ರೆಗೆ ಹೋದರು. ದೇವಿ ಹಾಕುವವನು ಹುಚ್ಚಮ್ಮನ ತೋಳು ಒರೆಸಿ, ನಿನ್ನ ಹೆಸರೇನಮ್ಮ ಎಂದು ಕೇಳಿದ. ಇಂಥ ಪ್ರಶ್ನೆಗೆ ಯಾವಾಗಲೂ ಗಂಡನೋ ಮಾವನೋ ಉತ್ತರ ಹೇಳಿಬಿಡುತ್ತಿದ್ದರು. ಇಷ್ಟು ವರ್ಷದಲ್ಲಿ ಅವಳ ಹೆಸರನ್ನು ಅವಳನ್ನೇ ಕೇಳಿದವನು ಅವನೊಬ್ಬನೇ. ಅವಳ ಬಾಯಿಂದ ಹುಚ್ಚಮ್ಮ ಎಂದೇ ಬಂತು. ಹೇಳಿದ ಮೇಲೆ ಏನೋ ಹಗುರವಾದಂತಾಯಿತು.

ಸಂಜೆ ಸೋಮಶೇಖರಪ್ಪ ಎರಡು ಕಾಗದಗಳನ್ನೂ ಚಾಪೆಯ ಮೇಲೆ ಹರಡಿಕೊಂಡು ಓದಿದ. ತರೀಕೆರೆಯ ಕಾಗದದಲ್ಲಿ ಸಾವಿತ್ರಮ್ಮ. ಕಡೂರಿನ ಚೀಟಿಯಲ್ಲಿ ಹುಚ್ಚಮ್ಮ. ಅವನ ಮುಖ ಕೆಂಪಾಯಿತು.

"ಪರದೇಶದೋರ ಮುಂದೆ ಹುಚ್ಚಮ್ಮ ಅಂತ ಕೂಗಿಸ್ಕೊಂಡ್ರೆ ನನ್ ಮಾನ ಏನಾಗ್ಬೇಕೇ? ಹುಚ್ಚು ಹಿಡಿದೋರ್ನ ಒಳಕ್ಕೆ ಬಿಡಲ್ಲ ಅಂದ್ರೆ?"

ಕೊನೆಗೆ ತಾನೇ ಸಮಾಧಾನ ಮಾಡಿಕೊಂಡ. ಎರಡು ಹೆಸರಾದರೂ ಹೆಂಗಸು ಒಬ್ಬಳೇ ತಾನೆ, ಅಷ್ಟು ದೂರದಲ್ಲಿ ಯಾರು ಹೋಲಿಸಿ ನೋಡುತ್ತಾರೆ, ಹೀಗೇ ಹೋಗೋಣ ಎಂದ. ಅಷ್ಟರಲ್ಲಿ ಮಜ್ಜಿಗೆಗೆಂದು ಬಂದಿದ್ದ ತೀರ್ಥಮ್ಮ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಪಾತ್ರೆಯನ್ನು ಕೆಳಗಿಟ್ಟು ಕಂಬಕ್ಕೆ ಒರಗಿ ಕೂತಳು.

"ಭಾವ, ನಾನು ಪಶುಪತೀನ ನೋಡಿಲ್ಲ," ಎಂದಳು.

ಇಬ್ಬರಿಗೂ ಅರ್ಥವಾಗಲಿಲ್ಲ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ನನ್ ಕಾಗದದಲ್ಲಿ ಪಾಪಮ್ಮ ಅಂತಿತ್ತು, ಅದು ತವರಿನ ಹೆಸ್ರು. ಚೀಟೀಲಿ ತೀರ್ಥಮ್ಮ ಅಂತಿತ್ತು. ಇವ್ರಿಬ್ರಲ್ಲಿ ನೀನ್ಯಾರು ಅಂತ ಕೇಳಿದ್ರು. ಇಬ್ರೂ ನಾನೇ ಅಂದೆ. ಚೀಟಿ ಇನ್ಯಾರ್ದೋ ತಂದಿದೀಯ ಅಂತ ಪಕ್ಕಕ್ಕೆ ನಿಲ್ಸಿದ್ರು. ಅಣ್ಣ ಒಬ್ನೇ ಹೋಗ್ಬಂದ. ನಾನು ಈಚೆ ದಡದ ಛತ್ರದಲ್ಲಿ ಹನ್ನೊಂದು ದಿನ ಗಂಟು ಕಾಯ್ಕೊಂಡು ಕೂತಿದ್ದೆ. ನಾಕು ಮುಖ ನೋಡಿದ್ದು ಅವನು. ಊರಿಗೆ ಬಂದಾಗ ಎಲ್ರೂ ಕಾಲಿಗೆ ಬಿದ್ರಲ್ಲ, ಬೀಳ್ಬೇಡಿ ಅನ್ನೋಕೆ ನಾಲಿಗೆ ಏಳ್ಲಿಲ್ಲ."

ಹುಚ್ಚಮ್ಮನಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಸಂಕಟ. ಹನ್ನೊಂದು ದಿನ ಒಂಟಿಯಾಗಿ, ಆಚೆ ದಡ ನೋಡುತ್ತ ಕೂತ ಹೆಂಗಸು ಕಣ್ಣ ಮುಂದೆ ಬಂದಳು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಇವಳು ಈಗ ಬಿಚ್ಚಿದ್ದು ತನಗಾಗಿ ಎಂಬುದೂ ಹೊಳೆಯಿತು. ಅವಳು ಎದ್ದು ಹೋಗಿ ತೀರ್ಥಮ್ಮನ ಪಕ್ಕದಲ್ಲಿ ಕೂತಳು.

"ಮೂರು ಸಲ ನಿನ್ ಕಾಲಿಗೆ ಬಿದ್ದಿದೀನಿ ಕಣೇ. ಈ ಸಲ ನಂಜೊತೆ ಬಂದು ಅದನ್ನ ನಿಜ ಮಾಡ್ಬಿಡು."

ತೀರ್ಥಮ್ಮ ಅಳುತ್ತಲೇ ನಕ್ಕಳು. ಸೋಮಶೇಖರಪ್ಪನ ಜಂಬ ಮಾತ್ರ ಅಲ್ಲಿಗೆ ಇಳಿದುಹೋಯಿತು. ಆದರೂ ಒಂದು ಉಪಾಯ ಉಳಿದಿತ್ತು. ನಾಳೆ ಕಡೂರಿಗೆ ಹೋಗಿ, ಸಾವಿತ್ರಮ್ಮ ಎಂದು ಹೇಳಿ ಇನ್ನೊಂದು ಸಲ ದೇವಿ ಹಾಕಿಸಿಕೋ ಎಂದ. ತನ್ನ ತೋಳಲ್ಲವಲ್ಲ, ಹೇಳುವುದು ಸುಲಭ.

ಹುಚ್ಚಮ್ಮ ಕೊರಳ ರುದ್ರಾಕ್ಷಿ ಹಿಡಿದುಕೊಂಡು ನಿಧಾನವಾಗಿ ಹೇಳಿದಳು. "ನಮ್ಮವ್ವ ನನ್ನ ಉಳಿಸ್ಕೊಳ್ಳೋಕೆ ಇಟ್ಟ ಹೆಸ್ರು ಕಣ್ರೀ ಅದು. ಆ ದೇವ್ರಿಗೆ ನಾನು ಹುಚ್ಚಮ್ಮ ಅಂತ್ಲೇ ಗೊತ್ತು. ಸಾವಿತ್ರಮ್ಮ ಬಂದವ್ಳೆ ಅಂದ್ರೆ ಯಾರಮ್ಮ ನೀನು ಅಂತಾನೆ."

ಸೋಮಶೇಖರಪ್ಪ ಎರಡೂ ಕಾಗದಗಳನ್ನು ಮಡಚುತ್ತ, ಹಾಗಾದರೆ ಕಚೇರಿಯವರನ್ನೇ ಕೇಳೋಣ ಎಂದ.

ಮರುದಿನ ಮೂವರೂ ತರೀಕೆರೆಯ ಕಚೇರಿಗೆ ಹೋದರು. ಶಿರಸ್ತೇದಾರ್ ಓಂಕಾರಮೂರ್ತಿ ಎರಡು ಕಾಗದಗಳನ್ನೂ ನೋಡಿ ಕನ್ನಡಕದೊಳಗೇ ನಕ್ಕರು. ಇದಕ್ಕೆ ಇಷ್ಟು ಯೋಚನೆಯೇ, ನಮ್ಮ ಖಾತೆ ಪುಸ್ತಕಗಳಲ್ಲಿ ಅರ್ಧ ತಾಲೂಕು ಎರಡೆರಡು ಹೆಸರಿನಲ್ಲೇ ಇದೆ, ನಡುವೆ ಉರುಫ್ ಎಂದು ಬರೆದರೆ ಇಬ್ಬರೂ ಒಬ್ಬರೇ ಆದರು ಎಂದರು. ಯಾವ ಹೆಸರು ಮೊದಲಿರಲಿ ಎಂದು ಹುಚ್ಚಮ್ಮನನ್ನೇ ಕೇಳಿದರು. ಅವಳು ಹೇಳಿದಂತೆ ಹುಚ್ಚಮ್ಮ ಉರುಫ್ ಸಾವಿತ್ರಮ್ಮ ಎಂದಾಯಿತು. ಛತ್ರದ ಕಥೆ ಕೇಳಿದ ಮೇಲೆ ತೀರ್ಥಮ್ಮ ಉರುಫ್ ಪಾಪಮ್ಮನಿಗೂ ಒಂದು ಹೊಸ ಕಾಗದವಾಯಿತು. ಅಲ್ಲಿ ಕನ್ನಡ ಓದುವವರು ಸಿಗಲಿಕ್ಕಿಲ್ಲವೆಂದು ಕೆಳಗೆ ಇಂಗ್ಲಿಷಿನಲ್ಲೂ ಬರೆಸಿ, ಮೊಹರು ಹಾಕಿಸಿಕೊಟ್ಟರು. ಆಮೇಲೆ ಸೋಮಶೇಖರಪ್ಪನ ಕಡೆ ತಿರುಗಿದರು.

"ನಿಮ್ ದೇವಿ ಚೀಟಿ ಎಲ್ಲಿ ಸ್ವಾಮಿ? ಅದಿಲ್ದಿದ್ರೆ ಛತ್ರದಲ್ಲಿ ಗಂಟು ಕಾಯೋ ಸರದಿ ಈ ಸಲ ನಿಮ್ದೇ."

ಸೋಮಶೇಖರಪ್ಪ ಕಣ್ಣು ಮುಚ್ಚಿಕೊಂಡು ಚುಚ್ಚಿಸಿಕೊಂಡ. ಎಂಟನೆಯ ದಿನಕ್ಕೆ ತೋಳು ಊದಿ, ಮೈ ಸ್ವಲ್ಪ ಕಾದು, ಇಡೀ ಬೀದಿಗೆ ಕೇಳುವಂತೆ ನರಳಿದ. ಹನ್ನೆರಡನೆಯ ದಿನಕ್ಕೆ ಎಲ್ಲ ಇಳಿದು, ಬಂದವರಿಗೆಲ್ಲ ಆ ಕಲೆ ತೋರಿಸತೊಡಗಿದ. ಅದಕ್ಕೇ ತೀರ್ಥಮ್ಮ ತಿಂಗಳ ಮೊದಲೇ ಅವಸರ ಮಾಡಿದ್ದು. ನಾಳೆ ರೈಲು ಎನ್ನುವಾಗ ಚುಚ್ಚಿಸಿಕೊಂಡಿದ್ದರೆ ಆ ನರಳಾಟ ದಾರಿಯುದ್ದಕ್ಕೂ ಇರುತ್ತಿತ್ತು.

ಹೊರಡುವ ಸಿದ್ಧತೆಯನ್ನೂ ತೀರ್ಥಮ್ಮನೇ ನಿಂತು ಮಾಡಿಸಿದಳು. ಧೋತ್ರದ ಜೊತೆಗೆ ಯಗಟಿಯ ಕುರಿ ಉಣ್ಣೆಯ ಕಂಬಳಿ ತಲೆಗೆರಡು. ಹುರಿಹಿಟ್ಟು, ಕೊಬ್ಬರಿ, ಒಣಶುಂಠಿ. ಬೆಟ್ಟ ಹತ್ತಲು ಮೆತ್ತಗಿನ ಹಳೆಯ ಜೋಡು. ಕಂಡ ಕಂಡ ನೀರು ಕುಡಿಯದೆ ಕಾಯಿಸಿ ಕುಡಿಯಲು ಒಂದು ತಾಮ್ರದ ಪಾತ್ರೆ. ಕಾಗದಗಳನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಅವರವರದನ್ನು ಅವರವರ ಸೊಂಟದ ಸಂಚಿಯಲ್ಲೇ ಇಡಿಸಿದಳು.

ನಾಲ್ಕೈದು ಕಡೆ ರೈಲು ಬದಲಾಯಿಸಿ ಗಡಿಯ ಊರಾದ ರಕ್ಸೌಲಿನಲ್ಲಿ ಇಳಿದಾಗ ಶಿವರಾತ್ರಿಗೆ ಇನ್ನೂ ಎಂಟು ದಿನವಿತ್ತು. ಸೇತುವೆಯ ಹತ್ತಿರ ಜನ ಸಾಲು ನಿಂತಿದ್ದರು. ವೈದ್ಯರು ನಾಡಿ ನೋಡಿ ಮುಂದೆ ಕಳಿಸಿದರು. ಮೇಜಿನ ಹಿಂದೆ ಕೂತಿದ್ದ ದಪ್ಪ ಮೀಸೆಯ ಗುಮಾಸ್ತ ಹುಚ್ಚಮ್ಮನ ಕಾಗದವನ್ನೂ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಬೆರಳಿನಿಂದ ಹೋಲಿಸಿದ. ಹೆಸರನ್ನು ಎರಡು ಸಲ ಓದಲು ಹೋಗಿ ಎರಡು ಸಲವೂ ತೊದಲಿದ. ಇದೇನು ಹೆಸರು, ಹಾಗೆಂದರೇನು ಎಂದು ಕೇಳಿದ. ವ್ಯಾಪಾರಕ್ಕಾಗಿ ಹಿಂದೂಸ್ತಾನಿ ಕಲಿತಿದ್ದ ಸೋಮಶೇಖರಪ್ಪ ಬೆವರಿದ. ತಿಂಗಳಿಂದ ಹೆದರಿದ್ದ ಗಳಿಗೆ ಅದು. ಹುಚ್ಚಮ್ಮ ರುದ್ರಾಕ್ಷಿ ಹಿಡಿದುಕೊಂಡು ಗಂಡನ ಮುಖ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದ. ಮೂರು ಮಕ್ಕಳು ಹೋದದ್ದು, ನಾಲ್ಕನೆಯದನ್ನು ಉಳಿಸಿಕೊಳ್ಳಲು ತಾಯಿ ಹುಚ್ಚಿ ಎಂದು ಕರೆದದ್ದು, ಎಲ್ಲ.

ಗುಮಾಸ್ತ ನಗಲಿಲ್ಲ. ತನ್ನ ಹೆಸರು ಬೇಚನ್ ಎಂದ. ಅಂದರೆ ಮಾರಿಬಿಟ್ಟವನು. ಅವನಿಗಿಂತ ಮೊದಲಿನ ಎರಡು ಕೂಸು ಸತ್ತಿದ್ದಕ್ಕೆ, ಅವನನ್ನು ಹುಟ್ಟಿದ ದಿನವೇ ಒಂದು ಹಿಡಿ ಕಾಳಿಗೆ ಪಕ್ಕದ ಮನೆಯವಳಿಗೆ ಮಾರಿದಂತೆ ಮಾಡಿದ್ದರಂತೆ. ಇದನ್ನು ಹೇಳಿ ರಹದಾರಿಯ ಮೇಲೆ ಮೊಹರು ಒತ್ತಿ, ಎರಡೂ ಕೈಯಿಂದ ಹಿಡಿದು ಅವಳಿಗೆ ಕೊಟ್ಟ. ಗಂಡ ಅದನ್ನೆಲ್ಲ ಕನ್ನಡದಲ್ಲಿ ತಿಳಿಸಿದಾಗ ಹುಚ್ಚಮ್ಮನ ಕಣ್ಣು ತುಂಬಿತು. ತನ್ನ ಅವ್ವನಂಥ ಅವ್ವ ಇಲ್ಲೂ ಒಬ್ಬಳಿದ್ದಳು ಎಂದುಕೊಂಡಳು. ಹಿಂದೆ ನಿಂತಿದ್ದ ತೀರ್ಥಮ್ಮನ ಕಾಗದವೂ ಪಾಸಾಯಿತು. ಅವಳು ಸೇತುವೆಯ ನಡುವೆ ಒಂದು ಸಲ ಹಿಂತಿರುಗಿ ಛತ್ರದ ಕಡೆ ನೋಡಿ, ಸೆರಗು ಸಿಕ್ಕಿಸಿಕೊಂಡು, ಎಲ್ಲರಿಗಿಂತ ಮುಂದೆ ನಡೆದುಬಿಟ್ಟಳು.

ಬೆಟ್ಟ ಹತ್ತಿ ಇಳಿದು, ಚಳಿಗೆ ಎರಡೆರಡು ಕಂಬಳಿ ಹೊದ್ದು, ಶಿವರಾತ್ರಿಯ ದಿನ ಮೂವರೂ ಪಶುಪತಿಯ ಮುಂದೆ ನಿಂತರು. ಅರ್ಚಕರು ಯಾರ ಹೆಸರಲ್ಲಿ ಪೂಜೆ ಎಂದು ಸನ್ನೆ ಮಾಡಿದರು. ಹುಚ್ಚಮ್ಮ ಬಾಯಿ ತೆರೆಯುವ ಮೊದಲೇ ಸೋಮಶೇಖರಪ್ಪ ಮುಂದೆ ಬಂದ. ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದ.

"ಯಗಟಿ ಹುಚ್ಚಮ್ಮ ಬಂದವ್ಳೆ ಸ್ವಾಮಿ."

ಮೂವತ್ತೈದು ವರ್ಷದಲ್ಲಿ ಗಂಡನ ಬಾಯಲ್ಲಿ ಆ ಹೆಸರನ್ನು ಅವಳು ಅಷ್ಟು ಪ್ರೀತಿಯಿಂದ ಕೇಳಿದ್ದು ಅದೇ ಮೊದಲು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಪರದೇಶಕ್ಕೆ ಹೊರಡುವ ಆಸೆ ನಿಮಗೂ ಇದ್ದರೆ ಈಗಲೇ ಎದ್ದು ಪೆಟ್ಟಿಗೆ ತೆಗೆಯಿರಿ. ಆ ದೇಶದವರು ಏನೇನು ಕೇಳುತ್ತಾರೆಂದು ಹೋಗಿಬಂದವರನ್ನೂ ಕಚೇರಿಯವರನ್ನೂ ವಿಚಾರಿಸಿ. ದೇವಿ ಹಾಕಿಸಿಕೊಳ್ಳುವುದನ್ನು ಕೊನೆಯ ದಿನಕ್ಕೆ ಉಳಿಸಬೇಡಿ. ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ, ಎಲ್ಲದರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಎರಡಿದ್ದರೆ ನಾಚಿಕೆಪಡದೆ ಉರುಫ್ ಹಾಕಿಸಿ. ಹೆಸರು ಎಂಥದ್ದೇ ಆಗಿರಲಿ, ಅದನ್ನು ಇಟ್ಟವರು ನಿಮ್ಮನ್ನು ಉಳಿಸಿಕೊಳ್ಳಲು ಇಟ್ಟದ್ದು. ಸೇತುವೆಯ ಹತ್ತಿರ ಅದನ್ನೇ ಗಟ್ಟಿಯಾಗಿ ಹೇಳಿ, ದಾಟಿ ಹೋಗಿ.