ಥರ್ಜಾ ಅತ್ತೆಯ ಜೇಡ

ಡಾಕ್ಟರು ಜೇಡದ ಚಿತ್ರ ತೋರಿಸಿದರು. ಥರ್ಜಾ ಅತ್ತೆ, "ಅಟರ್‌ಕಾಪ್," ಅಂದಳು.

ಮತ್ತೊಮ್ಮೆ ಕೇಳಿದರು. ಅತ್ತೆ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ಅದನ್ನೇ ಅಂದಳು. ಕುರಿ, ಗಡಿಯಾರ, ಚಮಚ ಎಲ್ಲ ಪಟಪಟ ಹೇಳಿದವಳು! ನನ್ನಪ್ಪನ ತಂಗಿ, ಎಂಬತ್ತು ದಾಟಿದರೂ ಉತ್ತರ ಇಂಗ್ಲೆಂಡಿನ ಸ್ವೇಲ್ ಕಣಿವೆಯ ಮನೆಯಲ್ಲಿ ಒಬ್ಬಳೇ ಇರುವ ಗಟ್ಟಿ ಹೆಂಗಸು. ಒಲೆ ಆರಿಸಲು ಮರೆಯುತ್ತಾಳೆಂದು ಈ ನೆನಪಿನ ಪರೀಕ್ಷೆ.

"ಶುಕ್ರವಾರ ಬನ್ನಿ. ಒಬ್ಬರೇ ಇರಬಹುದೋ ಇಲ್ವೋ ಆಗ ಹೇಳ್ತೀನಿ," ಅಂದರು ಡಾಕ್ಟರು.

ಕಾರಿನಲ್ಲಿ ಅತ್ತೆ ಅತ್ತಳು. "ಮೇವಿಸ್, ಆ ಮಾತು ಎಲ್ಲಿಂದ ಬಂತೋ ನಂಗೇ ಗೊತ್ತಿಲ್ಲ ಕಣೆ. ನಮ್ಮಕ್ಕ ಕೊನೆಗಾಲದಲ್ಲಿ ಹೀಗೇ ಏನೇನೋ ಬಡಬಡಿಸ್ತಿದ್ಲು. ನನ್ ಕಥೆನೂ ಮುಗೀತು."

"ಬಿಡ್ತು ಅನ್ನತ್ತೆ!" ಎಂದು ಗದರಿದೆ. ನನಗೂ ಅಷ್ಟೇ ಹೆದರಿಕೆಯಾಗಿತ್ತು.

ಅವಳ ಮನೆಗೆ ಬಂದು ಚಹಾ ಮಾಡಿಕೊಟ್ಟೆ. ಕಿಟಕಿಯ ಮೂಲೆಯಲ್ಲಿ ಜೇಡರ ಬಲೆ ಜೋತಾಡುತ್ತಿತ್ತು. ಪೊರಕೆ ಎತ್ತಿದವಳು ಹಾಗೇ ನಿಂತೆ. ಇದಕ್ಕೆ ನಾವು ಅನ್ನುವುದು ಕಾಬ್‌ವೆಬ್. ವೆಬ್ ಅಂದರೆ ಬಲೆ, ಸರಿ. ಈ ಕಾಬ್ ಯಾವನು? ಹುಟ್ಟಿದಾಗಿನಿಂದ ಅನ್ನುತ್ತಿದ್ದೇನೆ, ಒಂದು ದಿನವೂ ಕೇಳಿಕೊಂಡವಳಲ್ಲ. ಕಾಬ್. ಅತ್ತೆಯ ಅಟರ್‌ಕಾಪ್‌ನ ಕಾಪ್. ಪೊರಕೆ ಅಲ್ಲೇ ಬಿಸಾಕಿದೆ.

ಲೈಬ್ರರಿಗೆ ಹೋಗಿ ದಪ್ಪ ನಿಘಂಟು ತೆಗೆಸಿದೆ. ಹಳೆಯ ಇಂಗ್ಲಿಷಿನಲ್ಲಿ ಅಟರ್ ಅಂದರೆ ವಿಷ, ಕಾಪ್ ಅಂದರೆ ತಲೆ. ವಿಷದ ತಲೆಯ ಪ್ರಾಣಿ, ಜೇಡ! ಮೊದಲಿನ ಅಟರ್ ಉದುರಿ, ಉಳಿದ ಕಾಪ್ ಬಲೆಗೆ ಅಂಟಿಕೊಂಡು ಕಾಬ್ ಆಗಿದೆ. ಜೇಡಕ್ಕೆ ಬೇರೆ ಹೆಸರು ಬಂದ ಮೇಲೂ ನಮ್ಮ ಉತ್ತರದ ಹಳ್ಳಿಗಳ ಮುದುಕರ ಬಾಯಲ್ಲಿ ಹಳೆಯದು ಉಳಿದಿತ್ತಂತೆ.

ಏದುಸಿರು ಬಿಡುತ್ತಾ ಬಂದೆ. "ಅತ್ತೇ, ನಿನ್ ತಲೆ ಕೆಟ್ಟಿಲ್ಲ! ಅದು ಜೇಡದ ಹೆಸರೇ. ನೀನು ಚಿಕ್ಕವಳಿದ್ದಾಗ ಯಾರೋ ಮುದುಕಿ ಅಂದಿರ್ಬೇಕು."

ಅತ್ತೆ ಕಣ್ಣು ಮುಚ್ಚಿ ಕೂತಳು. ಆಮೇಲೆ ಬೇರೆ ಯಾರದೋ ದನಿಯಲ್ಲಿ, "ಏ ಥರ್ಜಿ, ಅಲ್ಲಿ ಅಟರ್‌ಕಾಪ್ ಐತೆ, ಕೈ ಹಾಕಬ್ಯಾಡ ಮಗಾ," ಅಂದಳು. "ನಮ್ಮಜ್ಜಿ ಕಣೆ. ಕುರಿಕೊಟ್ಟಿಗೇಲಿ."

ಶುಕ್ರವಾರ ಡಾಕ್ಟರು ಇದನ್ನು ಕೇಳಿ ಜೋರಾಗಿ ನಕ್ಕರು. "ಮೊದಲು ಕಲಿತದ್ದು ಮೊದಲು ಬಂದಿದೆ, ಅಷ್ಟೇ. ಮನೇಲೇ ಇರಿ. ಒಲೆ ಮಾತ್ರ ಜೋಪಾನ."

ಉಸ್ಸಪ್ಪಾ! ಹೋದ ಜೀವ ಬಂದಂತಾಯಿತು ನನಗೆ.

ಅತ್ತೆ ಡಾಕ್ಟರ ಮಾತು ಕೇಳಿಸಿಕೊಂಡಂತೆಯೇ ಇರಲಿಲ್ಲ. ಅಜ್ಜಿ ಸತ್ತಾಗ ಅವಳು ತೀರಾ ಚಿಕ್ಕವಳು. ಮುಖವಾಗಲಿ ದನಿಯಾಗಲಿ ನೆನಪಿಲ್ಲವೆಂದು ಜೀವಮಾನವೆಲ್ಲ ಕೊರಗಿದವಳು. ಕಾರು ಹತ್ತುವಾಗ ನನ್ನ ಕೈ ಹಿಡಿದು, "ದನಿ ಸಿಕ್ತು ಕಣೆ ಮೇವಿಸ್," ಅಂದಳು.