ಹರಕೆಯ ಶೇಂಗಾ, ಗಾಳಿಗೆ ಹಾರಿದ ಕವರು

ಧರ್ಮಪುರದ ಕಡೆಯ ಚಂದ್ರಕ್ಕನ ಮನೆಯಲ್ಲಿ ಆ ವಾರ ಎಲ್ಲರ ಬಾಯಿಗೂ ಬೀಗ ಬಿದ್ದಿತ್ತು. ಹೊಲದಿಂದ ಹೊಸ ಶೇಂಗಾ ಬಂದು ಪಡಸಾಲೆಯಲ್ಲಿ ರಾಶಿ ಬಿದ್ದಿದೆ, ಆದರೆ ಒಂದು ಕಾಯಿಯನ್ನೂ ಯಾರೂ ಸುಲಿಯುವ ಹಾಗಿಲ್ಲ. ಮೊಮ್ಮಗಳು ಮಾನಸ ಆ ರಾಶಿಯ ಸುತ್ತ ಸುತ್ತಿ ಸಾಕಾಗಿದ್ದಳು. ಮಗ ಪ್ರಸನ್ನಕುಮಾರ್ ಪಕ್ಕದ ಮನೆಯಲ್ಲಿ ಬೇಯಿಸಿದ ಶೇಂಗಾ ತಿಂದು, ಬಾಯಿ ಒರೆಸಿಕೊಂಡು, ಏನೂ ಅರಿಯದವನ ಹಾಗೆ ಮನೆಗೆ ಬರುತ್ತಿದ್ದ.

ಇದಕ್ಕೆಲ್ಲ ಕಾರಣ ಗೌರಿ, ಆ ಮನೆಯ ಹಸು. ಬೇಸಿಗೆಯಲ್ಲಿ ಅದು ಮೇವು ಬಿಟ್ಟಿತ್ತು, ಮೆಲುಕು ಹಾಕುವುದನ್ನೂ ನಿಲ್ಲಿಸಿತ್ತು, ಹೊಟ್ಟೆ ಉಬ್ಬಿಸಿಕೊಂಡು ಮಲಗಿಬಿಟ್ಟಿತ್ತು. ದನದ ಡಾಕ್ಟರು ಆಪರೇಷನ್ ಮಾಡಿ, ಹೊಟ್ಟೆಯಿಂದ ಬುಟ್ಟಿ ತುಂಬ ಪ್ಲಾಸ್ಟಿಕ್ ಕವರು ಹೊರತೆಗೆದರು. ಅವತ್ತು ಚಂದ್ರಕ್ಕ ಕೊಟ್ಟಿಗೆಯಲ್ಲೇ ಕೂತು ಅಳುತ್ತಾ ಹರಕೆ ಹೊತ್ತಳು. "ಅಪ್ಪಾ ಮಲ್ಲೇಶ್ವರ, ನಮ್ ಗೌರಿ ಎದ್ರೆ ಸಾಕು. ಈ ವರ್ಷದ ಹೊಸ ಶೇಂಗಾನ ನಾವ್ಯಾರೂ ಬಾಯಿಗೆ ಹಾಕಲ್ಲ. ಮೊದ್ಲು ನಿನ್ನ ಕಾಡಿನ ಮೂಕಪ್ರಾಣಿಗೆ ನನ್ನ ಕೈಯಾರೆ ತಿನ್ನಿಸ್ತೀನಿ."

ಗೌರಿ ಎದ್ದಳು. ಇನ್ನು ಮಾತು ಉಳಿಸಿಕೊಳ್ಳಬೇಕಲ್ಲ? ಚಿತ್ರದುರ್ಗದ ಆಡುಮಲ್ಲೇಶ್ವರದಲ್ಲಿ ದೇವರೂ ಉಂಟು, ಪಕ್ಕದಲ್ಲೇ ಮೃಗಾಲಯವೂ ಉಂಟು. ಭಾನುವಾರ ಎಲ್ಲರೂ ಹೊರಡುವುದು ಎಂದಾಯಿತು.

ಶನಿವಾರ ಸಂಜೆ ಸ್ತ್ರೀಶಕ್ತಿ ಸಂಘದ ಸುಮಿತ್ರಾ ಬಂದಾಗ ಚಂದ್ರಕ್ಕ ಉಪ್ಪು ಹಾಕಿ ಬೇಯಿಸಿದ ಶೇಂಗಾ ಗಂಟು ಕಟ್ಟುತ್ತಾ ಕುಳಿತಿದ್ದಳು. ಜಿಂಕೆಗೊಂದು ಪೊಟ್ಟಣ, ಕರಡಿಗೊಂದು, ನವಿಲಿಗೊಂದು. ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ!

"ಏನ್ ಚಂದ್ರಕ್ಕ, ಅಂಗಡಿ ಇಡ್ತೀಯ?" ಎಂದು ಸುಮಿತ್ರಾ ನಕ್ಕಳು.

"ಹರಕೆ ಕಣೇ. ನಾಳೆ ನೀನೂ ಬಾ, ಹೋಗಾಣ."

"ಬತ್ತೀನಿ. ಆದ್ರೆ ಅಲ್ಲಿ ಪ್ರಾಣಿಗೆ ಏನೂ ತಿನ್ನಿಸಂಗಿಲ್ಲ. ಹೋದ ವರ್ಷ ಮಕ್ಳನ್ನ ಕರ್ಕಂಡು ಹೋದಾಗ ಕೇಳ್ದೆ. ಯಾವ ಪ್ರಾಣಿಗೆ ಏನು, ಎಷ್ಟು ಅಂತ ಡಾಕ್ಟ್ರು ಹೇಳಿರ್ತಾರೆ. ಬಂದೋರೆಲ್ಲ ಒಂದೊಂದು ಹಿಡಿ ಹಾಕಿದ್ರೆ ಅವುಕ್ಕೆ ಹೊಟ್ಟೆ ಕೆಡ್ತೈತೆ."

"ಶೇಂಗಾ ತಿಂದು ಯಾರಿಗೆ ಹೊಟ್ಟೆ ಕೆಟ್ಟೈತೆ? ನಾವು ಹುಟ್ಟಿದಾಗಿಂದ ಅದನ್ನೇ ತಿಂತಿಲ್ವ?"

"ನೀನು ಜಿಂಕೆ ಅಲ್ವಲ್ಲ, ಚಂದ್ರಕ್ಕ."

ಮಾನಸ ಕಿಸಕ್ಕನೆ ನಕ್ಕಳು. ಚಂದ್ರಕ್ಕ ಮುಖ ಗಂಟಿಕ್ಕಿದಳು. ದೇವರಿಗೆ ಕೊಟ್ಟ ಮಾತಿನ ಮುಂದೆ ಸಂಘದ ಮಾತು ಯಾವ ಲೆಕ್ಕ ಎಂದು ಅವಳ ಮನಸ್ಸು.

ಮರುದಿನ ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಚಿತ್ರದುರ್ಗದಲ್ಲಿ ಆಟೋ ಹಿಡಿದು ಎಲ್ಲರೂ ಮೃಗಾಲಯ ಮುಟ್ಟಿದರು. ಬಾಗಿಲಲ್ಲಿ ಚೀಲ ನೋಡಿದ ಸಿಬ್ಬಂದಿ, "ಅಮ್ಮ, ತಿಂಡಿ ಇಲ್ಲೇ ಇಡ್ರಿ, ವಾಪಸ್ ಹೋಗುವಾಗ ತಗಳ್ರಿ" ಎಂದರು. ಚಂದ್ರಕ್ಕ ಸೌಮ್ಯವಾಗಿ ಚೀಲ ಇಟ್ಟಳು. ಆದರೆ ಒಂದು ಪೊಟ್ಟಣ ಆಗಲೇ ಅವಳ ಸೊಂಟಕ್ಕೆ ಸಿಕ್ಕಿಸಿದ ಸೆರಗಿನೊಳಗೆ ಬೆಚ್ಚಗಿತ್ತು.

ಒಳಗೆ ಹೋದ ಮೇಲೆ ಅವಳೂ ಮಗುವಾದಳು. ಚಿರತೆ ಆಕಳಿಸಿದ್ದು ನೋಡಿ, "ಥೇಟ್ ನಮ್ ಪ್ರಸನ್ನನ ಹಂಗೇ, ಬೆಳಗಾದ್ರೂ ಏಳಲ್ಲ" ಎಂದಳು. ಸೊಸೆ ರಮ್ಯಾಗೆ ನಗು ತಡೆಯಲಾಗಲಿಲ್ಲ. ಎಲ್ಲರೂ ಕರಡಿಯ ಕಡೆ ಹೊರಟಾಗ ಚಂದ್ರಕ್ಕ ಮಾತ್ರ, "ಕಾಲು ನೋಯ್ತೈತೆ, ನೀವು ನಡೀರಿ" ಎಂದು ಜಿಂಕೆಗಳ ಬೇಲಿ ಬಳಿಯೇ ಉಳಿದಳು.

ಒಂದು ಚುಕ್ಕೆ ಜಿಂಕೆ ತಂತಿಯ ಹತ್ತಿರ ಬಂತು. ದೊಡ್ಡ ಕಣ್ಣು, ಒದ್ದೆ ಮೂಗು. ಚಂದ್ರಕ್ಕನಿಗೆ ಕರುಳು ಚುರುಕ್ ಎಂದಿತು. ಅತ್ತಿತ್ತ ನೋಡಿ ಪೊಟ್ಟಣ ಬಿಚ್ಚಿದಳು, ಶೇಂಗಾ ಅಂಗೈಗೆ ಸುರಿದುಕೊಂಡಳು. ಅಷ್ಟರಲ್ಲಿ ಜೋಗಿಮಟ್ಟಿ ಬೆಟ್ಟದ ಗಾಳಿ ಬೀಸಿತು. ಖಾಲಿ ಕವರು ಕೈಯಿಂದ ಹಾರಿ ಬೇಲಿಯ ಆಚೆ ಬಿತ್ತು.

ಜಿಂಕೆ ಅವಳ ಅಂಗೈ ಬಿಟ್ಟು ಕವರಿನ ಕಡೆ ತಿರುಗಿತು. ಮೂಸಿತು. ಉಪ್ಪು ಹಾಕಿ ಬೇಯಿಸಿದ ಶೇಂಗಾದ ವಾಸನೆ ಅದರಲ್ಲೇ ಇತ್ತಲ್ಲ! ಬಾಯಿ ಹಾಕಿ ಅಗಿಯತೊಡಗಿತು.

ಚಂದ್ರಕ್ಕನಿಗೆ ಕಣ್ಣ ಮುಂದೆ ಬಂದದ್ದು ಜಿಂಕೆಯಲ್ಲ, ಗೌರಿ. ಉಬ್ಬಿದ ಹೊಟ್ಟೆ, ಆ ಬುಟ್ಟಿ.

"ಅಯ್ಯೋ ಬಿಡು! ಬಿಡೇ ತಾಯಿ! ಸುಮಿತ್ರಾ, ಓಡಿ ಬಾರೇ!"

ಕೂಗಿಗೆ ಸುಮಿತ್ರಾಳೂ ಬಂದಳು, ಮೃಗಾಲಯದ ಕಾವಲುಗಾರನೂ ಓಡಿಬಂದ. ಅವನು ಒಳಗೆ ಹೋಗಿ ಸದ್ದು ಮಾಡಿದ. ಬೆದರಿದ ಜಿಂಕೆ ಕವರನ್ನು ಉಗುಳಿ ನೆಗೆದು ಓಡಿತು. ಅವನು ಕವರು ಬಿಡಿಸಿ ನೋಡಿ, "ಪೂರ್ತಿ ಐತೆ, ಚೂರೂ ಹರಿದಿಲ್ಲ" ಎಂದ ಮೇಲೆಯೇ ಚಂದ್ರಕ್ಕ ಉಸಿರು ಬಿಟ್ಟದ್ದು.

"ನನ್ನಿಂದ್ಲೇ ತಪ್ಪಾತಪ್ಪ," ಎಂದಳು. "ಗೌರಿ ಹೊಟ್ಟೇಲಿದ್ದದ್ದನ್ನೇ ಹರಕೆ ಅಂತ ತಂದ್ನಲ್ಲ. ಇವುಕ್ಕೆ ಏನಾದ್ರೂ ಒಳ್ಳೇದು ಮಾಡ್ಬೇಕು ಅಂದ್ರೆ ನಾವೇನ್ ಮಾಡಾಣ?"

"ದೂರ ನಿಂತು ಸದ್ದಿಲ್ದೆ ನೋಡ್ರಿ, ಅಮ್ಮ. ಬರಿಗೈಲಿ ಬರ್ರಿ, ತಂದ ಕಸ ವಾಪಸ್ ತಗಂಡು ಹೋಗ್ರಿ. ಅಷ್ಟು ಮಾಡಿದ್ರೆ ಸಾಕು" ಎಂದ ಕಾವಲುಗಾರ.

ಸುಮಿತ್ರಾ ನಿನ್ನೆಯೇ ಹೇಳಿದ್ದೆನಲ್ಲ ಎಂದು ಚುಚ್ಚಲಿಲ್ಲ. ಚಂದ್ರಕ್ಕನ ಬೆನ್ನು ಸವರಿ, ನೀರು ಕುಡಿಸಿದಳು.

ದೇವಸ್ಥಾನದಲ್ಲಿ ಚಂದ್ರಕ್ಕ ಬಹಳ ಹೊತ್ತು ಕೈಮುಗಿದು ನಿಂತಳು. "ಅಪ್ಪಾ, ತಿನ್ನಿಸ್ತೀನಿ ಅಂದಿದ್ದೆ. ಈಗ ತಿನ್ನಿಸಲ್ಲ. ನಿನ್ನ ಪ್ರಾಣಿ ಹೊಟ್ಟೆ ತಣ್ಣಗಿರ್ಲಿ ಅಂತ ತಾನೇ ನಾನು ಹೊತ್ತದ್ದು? ಅವು ತಣ್ಣಗಿರಂಗೆ ನಡ್ಕತೀನಿ. ಇದನ್ನೇ ಹರಕೆ ಅಂತ ಒಪ್ಪಿಸ್ಕೋ." ಕಣ್ಣು ತೆರೆದಾಗ ಅವಳ ಮನಸ್ಸು ಹಗುರವಾಗಿತ್ತು. ಬಾಗಿಲಲ್ಲಿಟ್ಟ ಚೀಲ ವಾಪಸ್ ಪಡೆದು, ಮೊದಲ ಶೇಂಗಾ ಸುಲಿದು ಮಾನಸಳ ಬಾಯಿಗೆ ಹಾಕಿದಳು. ಬೀಗ ತೆರೆಯಿತು! ಪ್ರಸನ್ನಕುಮಾರ್ ಒಂದಿಡೀ ಪೊಟ್ಟಣ ಒಬ್ಬನೇ ಮುಗಿಸಿದ.

ವಾಪಸ್ ಬರುವಾಗ ಹಿರಿಯೂರು ದಾಟಿತ್ತು, ಬಸ್ಸಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಪ್ರಸನ್ನಕುಮಾರ್ ಸಿಪ್ಪೆ ತುಂಬಿದ ಕವರನ್ನು ಮುದುರಿ ಕಿಟಕಿಯಾಚೆ ಕೈ ಚಾಚಿದ. ಚಂದ್ರಕ್ಕ ಗಬಕ್ಕನೆ ಅವನ ಮಣಿಕಟ್ಟು ಹಿಡಿದಳು.

"ಲೇ, ತೆಗಿಯೋ ಕೈ ಒಳಕ್ಕೆ! ಆ ಹೊಲದಾಗೆ ಯಾರ ಮನೆ ಗೌರಿ ಮೇಯ್ತೈತೋ!"

ಕವರು ಚಂದ್ರಕ್ಕನ ಚೀಲ ಸೇರಿತು. ಅದರ ಜೊತೆಗೆ ಮುಂದಿನ ಸೀಟಿನವರು ಎಸೆಯಲು ಹೊರಟಿದ್ದ ಚಿಪ್ಸ್ ಕವರೂ ಸೇರಿತು. ಅದನ್ನು ಕೇಳಿ ಇಸಿದುಕೊಂಡವಳು ಚಂದ್ರಕ್ಕನೇ.

ಅಕ್ಕಂದಿರೇ, ಅಣ್ಣಂದಿರೇ, ರಜೆ ಬಂದರೆ ನೀವೂ ಮಕ್ಕಳನ್ನು ಕರೆದುಕೊಂಡು ಪ್ರಾಣಿ ನೋಡಲು ಹೋಗಿಬನ್ನಿ. ಕಣ್ತುಂಬ ನೋಡಿ, ಹೊಟ್ಟೆ ತುಂಬ ನಗಿ. ಬುತ್ತಿಯನ್ನು ಬಟ್ಟೆ ಚೀಲದಲ್ಲಿ ಒಯ್ದು, ಹೊರಗೆ ನೆರಳಿನಲ್ಲಿ ಕೂತು ನೀವೇ ಉಣ್ಣಿ. ಜಿಂಕೆಗಾಗಲಿ, ಕೋತಿಗಾಗಲಿ ಏನನ್ನೂ ಎಸೆಯಬೇಡಿ. ಕವರು ಕೈಯಲ್ಲಿದ್ದರೆ ಮನೆಯವರೆಗೂ ಕೈಯಲ್ಲೇ ಇರಲಿ. ಮೂಕಪ್ರಾಣಿ ಹೊಟ್ಟೆನೋವು ಹೇಳಿಕೊಳ್ಳಲಾರದು. ಅದು ನರಳುವ ಮೊದಲೇ ನಾವು ಕೈ ಹಿಂದಕ್ಕೆ ತೆಗೆದುಕೊಳ್ಳೋಣ.