ಜ್ವರ ಬಂದ ಮಗುವಿನ ನಿದ್ದೆ

ಸಾವಿರದ ಒಂಬೈನೂರ ತೊಂಬತ್ತೆಂಟನೆಯ ಇಸವಿ. ಗೌರಿ ಹಬ್ಬ ಕಳೆದು ಎಂಟು ದಿನವಾಗಿತ್ತು. ಬೆಳಿಗ್ಗೆ ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿ ಅಂಗಳಕ್ಕೆ ಬಂದು ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಆಗ ನಮ್ಮೂರಿನಲ್ಲಿ ಫೋನು ಇದ್ದದ್ದು ಎಸ್ಟೇಟಿನ ಆಫೀಸಿನಲ್ಲಿ ಮಾತ್ರ. ಹಾಸನದ ಆಸ್ಪತ್ರೆಯಿಂದ ನನ್ನ ಮಗ ಸುರೇಂದ್ರ ಅಲ್ಲಿಗೆ ಫೋನು ಮಾಡಿದ್ದನಂತೆ.

"ರಾಮಯ್ಯನೋರೇ, ಮಗು ಹೋಗ್ಬುಡ್ತು" ಎಂದರು.

ಹೋದವಳು ಮೊಮ್ಮಗಳು ಮಧುಶ್ರೀ. ಎಂಟು ವರ್ಷದವಳು.

ಅವಳಿಗೆ ಜ್ವರ ಬಂದದ್ದು ನಾಟಿಯ ಕೊನೆಯ ದಿನಗಳಲ್ಲಿ. ಮನೆಯವರೆಲ್ಲ ಗದ್ದೆಯಲ್ಲಿದ್ದರು. ಎರಡು ದಿನ ಜ್ವರ ಸುಟ್ಟಿತು. ತಲೆನೋವು ಎಂದು ಅತ್ತಳು, ವಾಂತಿ ಮಾಡಿಕೊಂಡಳು. ಮೂರನೆಯ ದಿನ ನಿದ್ದೆ ಹತ್ತಿತು. ಜ್ವರದವರಿಗೆ ನಿದ್ದೆ ಬಂದರೆ ಜ್ವರ ಇಳಿಯುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಸೊಸೆ ಗಂಜಿ ಕುಡಿಸಲು ಎಬ್ಬಿಸಹೋದಳು. ಎಬ್ಬಿಸಬೇಡ, ದೇವರು ನಿದ್ದೆ ಕೊಟ್ಟಿದ್ದಾನೆ ಎಂದು ನಾನೇ ತಡೆದೆ. ಒಂದು ಹಗಲು, ಒಂದು ರಾತ್ರಿ ಹಾಗೆಯೇ ಕಳೆಯಿತು. ಮೈ ಸೆಳೆಯಲು ಶುರುವಾದಾಗ ಜೀಪು ಹುಡುಕಿದೆವು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಆರೋಗ್ಯ ಕೇಂದ್ರದ ನರ್ಸಮ್ಮ ಚಂದ್ರಿಕಾ ಬಾಳ್ಳುಪೇಟೆಯ ಬಸ್ಸಿನಲ್ಲಿ ಬಂದಿಳಿದು, ಎರಡು ಮೈಲಿ ನಡೆದು ನಮ್ಮ ಮನೆಗೆ ಬಂದರು. ಪಕ್ಕದ ಮನೆಯ ಗುಂಡಯ್ಯನೂ ಜಗಲಿಯಲ್ಲಿ ಕುಳಿತಿದ್ದ. ನರ್ಸಮ್ಮ, ಇದು ಮೆದುಳು ಜ್ವರ, ಹಿಂದೆಯೂ ಈ ಊರಿನಲ್ಲಿ ಮಕ್ಕಳು ಹೀಗೆ ಮಲಗಿ ಹೋದದ್ದುಂಟೇ ಎಂದು ಕೇಳಿದರು.

ನಾನು ನೆನಪು ಮಾಡಿಕೊಂಡೆ. ನನಗೆ ಹತ್ತು ವರ್ಷವಾಗಿದ್ದಾಗ ನನ್ನ ತಂಗಿ ಹೋದಳು. ಶಾಲೆಯ ಕಟ್ಟಡ ಎದ್ದ ವರ್ಷ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಒಂದು ಮಗು ಹೋಯಿತು. ಆಮೇಲೆ ಗುಂಡಯ್ಯನ ಅಣ್ಣನ ಮಗಳು. ಹಳಬರು ಇದನ್ನು ತೂಕಡಿಕೆ ಜ್ವರ ಎನ್ನುತ್ತಿದ್ದರು. ಊರ ದೇವತೆ ಚೌಡಿಯ ಮುನಿಸು ಎಂದು ಹರಕೆ ಹೊತ್ತು ಕಾಯುತ್ತಿದ್ದರು. ಮೂರೂ ಸಾವು ನಾಟಿಗೂ ಕೊಯ್ಲಿಗೂ ನಡುವೆ ಆದದ್ದು ಎಂಬುದು ಅಂದೇ ನನಗೆ ಹೊಳೆಯಿತು.

ಸತ್ತವರನ್ನು ಈಗ ಪರೀಕ್ಷೆ ಮಾಡಲಾಗದು, ಅದೇ ಜ್ವರವೆಂದು ನಾನು ಆಣೆ ಇಡಲಾರೆ ಎಂದರು ಚಂದ್ರಿಕಾ. ಆದರೆ ಗದ್ದೆಯಲ್ಲಿ ನೀರು ನಿಂತಾಗ ಸೊಳ್ಳೆ ಹೆಚ್ಚುತ್ತದೆ, ಆ ಸೊಳ್ಳೆ ಹಂದಿಯನ್ನೂ ಬೆಳ್ಳಕ್ಕಿಯನ್ನೂ ಕಚ್ಚಿ ಬಂದು ಮಕ್ಕಳನ್ನು ಕಚ್ಚುತ್ತದೆ, ಈ ಜ್ವರ ಬರುವುದು ಹಾಗೆ ಎಂದರು.

ನಾಟಿ ಮುಗಿದ ಮೇಲೆ ಆಳುಗಳಿಗೆ ಹಂದಿಯ ಊಟ ಹಾಕುವುದು ನಮ್ಮ ಕಡೆಯ ಪದ್ಧತಿ. ಅದಕ್ಕಾಗಿ ಮನೆಮನೆಯ ಹಿಂದೆ, ಗದ್ದೆಯ ಅಂಚಿನಲ್ಲೇ ಹಂದಿಗೂಡು. ದಿನವೂ ಮುಸ್ಸಂಜೆ ಕಲಗಚ್ಚು ಹೊತ್ತು ನಮ್ಮ ಹಂದಿಗೆ ಹಾಕುತ್ತಿದ್ದವಳು ಮಧುಶ್ರೀ.

ಗುಂಡಯ್ಯ ನಕ್ಕ. "ನಮ್ಮ ಹಂದಿಗೆ ಒಂದು ಕೆಮ್ಮೂ ಇಲ್ಲ ಕಣವ್ವ. ನನಗಿಂತ ಗಟ್ಟಿಯಾಗೈತೆ."

"ಅದೇ ತೊಂದ್ರೆ ಗುಂಡಯ್ಯನೋರೇ. ರೋಗ ಅದರ ಮೈಯಲ್ಲಿ ಬೆಳೀತದೆ, ಅದಕ್ಕೆ ಮಾತ್ರ ಏನೂ ಆಗಲ್ಲ. ಗೂಡನ್ನ ಮನೆಯಿಂದ ದೂರ ಹಾಕಿ."

"ದೂರ ಹಾಕಿದ್ರೆ ಚಿರತೆ ಬಂದು ನಮಗಿಂತ ಮೊದಲು ನಾಟಿ ಊಟ ಮುಗಿಸ್ಬುಡ್ತೈತೆ" ಎಂದು ಅವನು ಎದ್ದು ಹೋದ.

ಹೊರಡುವ ಮುಂಚೆ ಚಂದ್ರಿಕಾ ನನಗೊಂದು ಮಾತು ಹೇಳಿದರು. ಜ್ವರದ ಮಗುವಿಗೆ ನಿದ್ದೆ ಬಂದರೆ ತಪ್ಪಲ್ಲ, ಎಬ್ಬಿಸಿ ನೋಡಬೇಕು. ಕಣ್ಣು ಬಿಟ್ಟು ಗುರುತು ಹಿಡಿದು ಮಾತಾಡಿದರೆ ಅದು ನಿದ್ದೆ. ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ, ರೋಗ ಮೆದುಳಿಗೆ ಏರಿದೆ.

ಮರುವರ್ಷ, ನಾಟಿಯಾಗಿ ತಿಂಗಳೊಳಗೆ, ಗುಂಡಯ್ಯನ ಮೊಮ್ಮಗಳು ನವ್ಯಶ್ರೀ ಜ್ವರ ಹಿಡಿದು ಮಲಗಿದಳು. ಆರು ವರ್ಷದ ಮಗು. ಸುದ್ದಿ ಕೇಳಿ ನಾನು ಹೋದೆ. ಗುಂಡಯ್ಯ ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಈಗ ತಾನೇ ನಿದ್ದೆ ಬಂದೈತೆ ಕಣಣ್ಣ. ಎಬ್ಬಿಸ್ಬ್ಯಾಡ."

"ನಾನೂ ಇದೇ ಮಾತು ಹೇಳಿದ್ದೆ ಗುಂಡಯ್ಯ. ಬಿಡು ದಾರಿ" ಎಂದೆ.

ಅವನು ಕೈ ತೆಗೆಯಲಿಲ್ಲ. ಒಳಗಿನಿಂದ ಅವನ ಹೆಂಡತಿ ಭದ್ರಮ್ಮ, "ಅವರ ಮನೇಲಿ ಒಂದು ಹೋಗೈತೆ. ಕೇಳೋದ ಕಲೀರಿ" ಎಂದಳು. ಆಗ ಕೈ ಇಳಿಯಿತು.

ಭದ್ರಮ್ಮ ಮಗುವನ್ನು ಕೂಗಿದಳು, ಕೆನ್ನೆ ತಟ್ಟಿದಳು. ಮಗು ಅರ್ಧ ಕಣ್ಣು ಬಿಟ್ಟಿತು. ನಾನು ಯಾರು ಹೇಳು ಎಂದು ಅಜ್ಜಿ ಕೇಳಿದರೆ ಸುಮ್ಮನೆ ನೋಡಿತು, ಮತ್ತೆ ಕಣ್ಣು ಮುಚ್ಚಿತು. ಕತ್ತು ಬಗ್ಗಿಸಲು ಬರಲಿಲ್ಲ. ಗುಂಡಯ್ಯನೇ ಎಸ್ಟೇಟಿಗೆ ಓಡಿ ಜೀಪು ತಂದ. ಮೊದಲು ಸಕಲೇಶಪುರ, ಅಲ್ಲಿಂದ ಹಾಸನ.

ಈ ಜ್ವರಕ್ಕೇ ಎಂದು ಬೇರೆ ಔಷಧವಿಲ್ಲ, ಬೇಗ ತಂದದ್ದರಿಂದ ಉಸಿರು, ಸೆಳೆತ ನೋಡಿಕೊಳ್ಳಲು ಸಾಧ್ಯವಾಯಿತು ಎಂದು ಡಾಕ್ಟರು ಹೇಳಿದರಂತೆ. ಹತ್ತೊಂಬತ್ತು ದಿನಕ್ಕೆ ಮಗು ಮನೆಗೆ ಬಂತು. ಎಡಗೈಯಲ್ಲಿ ಇಂದಿಗೂ ಬಲ ಕಡಿಮೆ. ಬಲಗೈಯಲ್ಲಿ ಬರೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ.

ನಮ್ಮ ಗೂಡನ್ನು ನಾನು ಹಿಂದಿನ ವರ್ಷವೇ ಕಿತ್ತಿದ್ದೆ. ಆ ವಾರವೇ ಗುಂಡಯ್ಯನೂ ತನ್ನ ಹಂದಿಗೂಡನ್ನು ಕಿತ್ತು, ಮನೆಗಳಿಂದ ಬಹಳ ದೂರ, ಗುಡ್ಡದ ಆಚೆ ಹಾಕಿದ. ಚಿರತೆಗೆ ಹೆದರಿ ಕಲ್ಲಿನ ಗೋಡೆ ಕಟ್ಟಿದ. ನಾಟಿ ಊಟ ನಿಂತಿಲ್ಲ. ಮುಸ್ಸಂಜೆ ಕಲಗಚ್ಚು ಹೊರಲು ಮಕ್ಕಳನ್ನು ಯಾರೂ ಕಳಿಸುವುದಿಲ್ಲ.

ಓದುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳನ್ನು ಸೊಳ್ಳೆಪರದೆಯೊಳಗೆ ಮಲಗಿಸಿ. ಸಂಜೆಯಾಗುತ್ತಲೇ ಮೈತುಂಬ ಬಟ್ಟೆ ಹಾಕಿ. ಹಂದಿಗೂಡು ಮನೆಯ ಬಳಿ ಬೇಡ. ಈ ಜ್ವರಕ್ಕೆ ಲಸಿಕೆ ಹಾಕಲು ಆರೋಗ್ಯ ಇಲಾಖೆಯವರು ನಿಮ್ಮೂರಿಗೆ ಬಂದರೆ ಮಕ್ಕಳನ್ನು ಅಡಗಿಸಬೇಡಿ. ಹರಕೆ ಹೊರುವುದು ತಪ್ಪಲ್ಲ, ನಾನೂ ಹೊರುತ್ತೇನೆ. ಹರಕೆಯ ಕಾಸನ್ನು ಸೆರಗಿಗೆ ಕಟ್ಟಿಕೊಂಡೇ ಆಸ್ಪತ್ರೆಯ ದಾರಿ ಹಿಡಿಯಿರಿ. ಜ್ವರದ ಮಗು ಮಲಗಿದರೆ ಎಬ್ಬಿಸಿ, ಹೆಸರು ಕೇಳಿ. ಉತ್ತರ ಬರದಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಸಕಲೇಶ್ವರ ಸ್ವಾಮೀ, ನಾನು ಎಬ್ಬಿಸದೆ ಬಿಟ್ಟ ಮಗು ನಿನ್ನ ಪಾದದಲ್ಲಿದೆ. ಅಲ್ಲಿ ಅವಳಿಗೆ ಜ್ವರವಿಲ್ಲದ ನಿದ್ದೆ ಕೊಡು. ಅವಳ ಆತ್ಮಕ್ಕೆ ಶಾಂತಿ ಕೊಡು.